ಹದಿನಾಲ್ಕನೆಯ ಸಾಲು

ಮಾರ್ಚ್ 2, 2004, ಮಂಗಳವಾರ

ಕಳ್ಳರು ಸಿಕ್ಕಿದರು. ಕಳ್ಳರಲ್ಲ, ಕಳ್ಳಿ.

ಗ್ರಂಥಾಲಯದ ಕಂಪ್ಯೂಟರಿನಲ್ಲಿ ಬೇರೇನೋ ಹುಡುಕುತ್ತಿದ್ದವನು ಸುಮ್ಮನೆ ನಮ್ಮ ಮನೆತನದ ಹೆಸರು ಹಾಕಿ ನೋಡಿದೆ. ದಕ್ಷಿಣ ಆಸ್ಟ್ರೇಲಿಯಾದ ಮೂಂಟಾ ಎಂಬ ಗಣಿ ಊರಿನ ವೆರ್ನಾ ಲೀಬೆಲ್ಟ್ ಎನ್ನುವ ಹೆಂಗಸು ನಮ್ಮ ಸೇಂಟ್ ಗಾರ್ವೆನ್ ಊರಿನ ನ್ಯಾನ್‌ಕ್ಯಾರೋ ವಂಶವೃಕ್ಷವನ್ನು 1623ರವರೆಗೆ ಬೇರುಸಹಿತ ಕಿತ್ತು ತನ್ನ ಅಂತರ್ಜಾಲ ಪುಟದಲ್ಲಿ ನೆಟ್ಟುಕೊಂಡಿದ್ದಾಳೆ. ಅದು ನನ್ನ ಮೂವತ್ತು ವರ್ಷದ ದುಡಿಮೆ. ವಾರವೆಲ್ಲ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ, ರಜೆ ಬಂದರೆ ಹೆಂಡತಿ ಐವಿಯನ್ನು ಸಮುದ್ರ ತೀರಕ್ಕೆ ಕರೆದೊಯ್ಯುವ ಬದಲು ಟ್ರುರೋದ ದಾಖಲೆ ಕಚೇರಿಗೆ ಕರೆದೊಯ್ದು, ಒಂದೊಂದೇ ಹೆಸರಾಗಿ ಕೂಡಿಸಿದ್ದು. ಐವಿ ತೀರಿಹೋಗಿ ಏಳು ವರ್ಷವಾಯಿತು. ಮಕ್ಕಳಿಲ್ಲ. ನನ್ನದು ಅಂತ ಇರುವುದು ಇದೊಂದೇ.

ನನ್ನದೇ ಎನ್ನುವುದಕ್ಕೆ ಪುರಾವೆಯೂ ಇದೆ. ನಮ್ಮ ಹಿರಿಯ ಜಕಾರಿಯಾಸ್ 1690ರಲ್ಲಿ ಸತ್ತಾಗ ಅವನ ಸಾಮಾನಿನ ಪಟ್ಟಿಯಲ್ಲಿ ಎರಡು ಊರುಗೋಲು ಇದ್ದವು. ಅದನ್ನು ನೋಡಿ ‘ಬಹುಶಃ ಕುಂಟ’ ಎಂದು ಬರೆದವನು ನಾನು. ಈ ಹೆಂಗಸಿನ ಪುಟದಲ್ಲಿ ‘ಬಹುಶಃ’ ಹಾರಿಹೋಗಿದೆ. ಅಲ್ಲಿ ಜಕಾರಿಯಾಸ್ ಖಂಡಿತವಾಗಿ ಕುಂಟ.

ಮನೆಗೆ ಬಂದು ಅವಳಿಗೆ ಮೂರು ಪುಟದ ಕಾಗದ ಬರೆದೆ. ನಮ್ಮೂರಿನ ವಂಶಾವಳಿ ಸಂಘದ ನಿಯಮಗಳನ್ನು ಒಂದೊಂದಾಗಿ ಉದ್ಧರಿಸಿದ್ದೇನೆ: ಕೇಳದೆ ತೆಗೆದುಕೊಳ್ಳಬಾರದು, ತೆಗೆದುಕೊಂಡರೆ ಯಾರಿಂದ ಎಂದು ಹೇಳಬೇಕು, ಊಹೆಯನ್ನು ಊಹೆ ಎಂದೇ ಬರೆಯಬೇಕು. ನಿಯಮ ಬರೆದವನು ನಾನೇ ಆದ್ದರಿಂದ ಪುಸ್ತಕ ತೆರೆಯಬೇಕಾಗಲಿಲ್ಲ. ‘ನೀವು ನನ್ನ ಅಜ್ಜಂದಿರನ್ನು ಕದ್ದಿದ್ದೀರಿ’ ಎಂದು ಮುಗಿಸಿದೆ. ಓದಿ ನೋಡಿದೆ. ಚೆನ್ನಾಗಿ ಬಂದಿದೆ.

ಮಾರ್ಚ್ 9, ಮಂಗಳವಾರ

ತಿಂಗಳ ಸಭೆ. ನಮ್ಮ ಕಾರ್ಯದರ್ಶಿ ಥರ್ಜಾ ಬೊಲಿಥೋ ಚಹಾ ಬಗ್ಗಿಸುತ್ತ ಎಲ್ಲರೆದುರಿಗೇ ಕೇಳಿದಳು.

“ಮೂರು ಪುಟ ಬೈದ್ಯಂತೆ? ಆಕೆಗೆ ಎಂಬತ್ತಾಗಿದ್ರೆ? ಓದಿ ಎದೆ ಹಿಡ್ಕೊಂಡು ಕೂತ್ರೆ?”

“ನಿಯಮ ಅಂದ್ರೆ ನಿಯಮ.”

“ಮೊದಲು ಮೆತ್ತಗೆ ಕೇಳ್ಬೇಕು ಅನ್ನೋದೂ ನಿಯಮಾನೇ. ನೀನೇ ಬರ್ದಿದ್ದು ಮಾರಾಯ, ಕೊನೇ ಸಾಲು.”

ಕೊನೆಯ ಸಾಲನ್ನು ಯಾರೂ ಓದುವುದಿಲ್ಲವೆಂದು ಬರೆದದ್ದು.

ಅಧ್ಯಕ್ಷ ಗಾರ್ಫೀಲ್ಡ್ ಟ್ಯಾಂಗಿ ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು, “ಹೋಗ್ಲಿ ಬಿಡು ಹೆಡ್ಲಿ, ಹೊರಗಿನೋಳಲ್ವಲ್ಲ. ನಿನಗೂ ನನಗೂ ಸಂಬಂಧದಲ್ಲೇ ಆಗ್ಬೇಕು” ಎಂದ. ಅದು ನಿಜ. ವಿಲಿಯಂ ಮತ್ತು ಗ್ರೇಸ್ ನ್ಯಾನ್‌ಕ್ಯಾರೋ ದಂಪತಿಗೆ ಮೂವರು ಮಕ್ಕಳು. ಹೆನ್ರಿ ಮೂಂಟಾದ ತಾಮ್ರದ ಗಣಿಗೆ ಹೋದ, ಅವನ ಕುಡಿ ಈ ಹೆಂಗಸು. ಆನರ್ ಇಲ್ಲೇ ಮದುವೆಯಾದಳು, ಅವಳ ಕುಡಿ ಟ್ಯಾಂಗಿ. ಕಿರಿಯವನು ಥಾಮಸ್, ನನ್ನ ಮುತ್ತಜ್ಜ. ಇಡೀ ವಂಶವೃಕ್ಷದಲ್ಲಿ ನನಗೆ ಹಿಡಿಸದಿರುವುದು ಟ್ಯಾಂಗಿ ಕುಳಿತಿರುವ ಕೊಂಬೆ ಒಂದೇ. ಇಪ್ಪತ್ತು ವರ್ಷದಿಂದ ಸಂಘದಲ್ಲಿದ್ದಾನೆ, ಒಂದು ದಿನ ಒಂದು ದಾಖಲೆ ತೆರೆದು ನೋಡಿದವನಲ್ಲ.

ಮಾರ್ಚ್ 27, ಶನಿವಾರ

ಉತ್ತರ ಬಂತು. ನಕಲು ಮಾಡಿಕೊಳ್ಳುತ್ತೇನೆ, ಸಾಕ್ಷಿಗೆ ಬೇಕಾಗಬಹುದು.

‘ಶ್ರೀ ನ್ಯಾನ್‌ಕ್ಯಾರೋ ಅವರೇ, ನಿಮ್ಮ ಕಾಗದ ಓದಿ ಕಿವಿ ಕೆಂಪಗಾಯಿತು. ಬೈಸಿಕೊಳ್ಳಬೇಕಾದದ್ದೇ. ಆ ವಂಶವೃಕ್ಷ ನನಗೆ ಕೊಟ್ಟವಳು ನಮ್ಮ ಚರ್ಚಿನ ಗೆಳತಿ, ಅವಳಿಗೆ ಕೊಟ್ಟವರು ಅಡಿಲೇಡಿನ ಯಾರೋ. ಕೈಯಿಂದ ಕೈಗೆ ಬರುವಾಗ ನಿಮ್ಮ ಹೆಸರೂ ಬಿತ್ತು, ‘ಬಹುಶಃ’ವೂ ಬಿತ್ತು. ಎರಡನ್ನೂ ಎತ್ತಿ ಅದರದರ ಜಾಗದಲ್ಲಿ ಇಟ್ಟಿದ್ದೇನೆ. ನನ್ನಿಂದ ತೆಗೆದುಕೊಂಡ ನಲವತ್ತು ಜನಕ್ಕೂ ಬರೆದಿದ್ದೇನೆ. ಒಂದು ಮಾತು ಮಾತ್ರ ಕೇಳುತ್ತೇನೆ, ಸಿಟ್ಟಾಗಬೇಡಿ. ಆ ಅಜ್ಜಂದಿರು ನನಗೂ ಅಜ್ಜಂದಿರೇ ಅಲ್ಲವೇ? ಮನೆಯವರೇ ತೆಗೆದುಕೊಂಡರೆ ಅದು ಕಳ್ಳತನವೇ?’

ವಾದ ಚುರುಕಾಗಿದೆ. ಆದರೆ ನಿಯಮಕ್ಕೆ ಅದು ಉತ್ತರವಲ್ಲ. ಒಂದೇ ಪುಟದಲ್ಲಿ ಹಾಗೆಂದು ಬರೆದೆ. ಅಂಚಿನಲ್ಲಿ ಒಂದು ಸಾಲು ಜಾಗ ಉಳಿಯಿತು, ಅಲ್ಲಿ ಅವರ ಊರಿನ ಹವೆ ಹೇಗಿದೆ ಎಂದು ಕೇಳಿದೆ. ಖಾಲಿ ಬಿಡುವುದು ಚೆನ್ನಾಗಿ ಕಾಣುವುದಿಲ್ಲ.

ಏಪ್ರಿಲ್ 22, ಗುರುವಾರ

ಗ್ರಂಥಾಲಯದ ಹುಡುಗಿ ನನಗೆ ಇ-ಮೇಲ್ ತೆರೆದುಕೊಟ್ಟಳು. ಶ್ರೀಮತಿ ಲೀಬೆಲ್ಟ್ ಅವರಿಗೆ ಎಪ್ಪತ್ತಂತೆ, ಗಂಡ ತೀರಿಕೊಂಡು ಐದು ವರ್ಷವಂತೆ. ಹೆನ್ರಿಯ ಫೋಟೋ ಕಳಿಸಿದ್ದಾರೆ. ಮೀಸೆ ಇದೆ, ಟೋಪಿ ಇದೆ, ಮುಖ ಸಿಡುಕು. ‘ನಿಮ್ಮ ಮೊದಲನೆ ಕಾಗದ ಬಂದಾಗ ನೀವು ಹೀಗೇ ಇರುತ್ತೀರಿ ಅಂದುಕೊಂಡೆ’ ಎಂದು ಬರೆದಿದ್ದಾರೆ.

ಕನ್ನಡಿಯಲ್ಲಿ ನೋಡಿಕೊಂಡೆ. ಮೂಗು ಅವನದೇ ಇರಬಹುದು.

ಈ ವಾರ ಗ್ರಂಥಾಲಯಕ್ಕೆ ನಾಲ್ಕು ಸಲ ಹೋದೆ. ಅಲ್ಲಿ ಬೆಚ್ಚಗಿರುತ್ತದೆ.

ಮೇ 20, ಗುರುವಾರ

ವೆರ್ನಾ ಸೆಪ್ಟೆಂಬರಿನಲ್ಲಿ ಬರುತ್ತಿದ್ದಾಳೆ. ಎರಡು ವಾರ. ಹೋಟೆಲ್ ಯಾವುದು ಒಳ್ಳೆಯದು ಎಂದು ಕೇಳಿದ್ದಳು. ನೆಂಟರ ಮನೆ ಇರುವಾಗ ಹೋಟೆಲ್ ಯಾಕೆ, ಐವಿಯ ಹೊಲಿಗೆ ಕೋಣೆ ಖಾಲಿ ಇದೆ ಎಂದು ಬರೆದೆ. ಕಳಿಸಿದ ಮೇಲೆ ಹೆಚ್ಚಾಯಿತೇನೋ ಅನ್ನಿಸಿತು. ಮಧ್ಯಾಹ್ನ ಒಂದೂವರೆಗೆ ಉತ್ತರ ಬಂದೇಬಿಟ್ಟಿತ್ತು. ಅಲ್ಲಿ ಆಗ ಮಲಗುವ ಹೊತ್ತು, ಕಾದು ಕುಳಿತಿದ್ದಿರಬೇಕು. ‘ಪ್ರಿಯ ಕಸಿನ್ ಹೆಡ್ಲಿ, ಬರುತ್ತೇನೆ. ನನಗೆ ಬೆಳಗಿನ ಚಹಾ ಕೊಡುವ ಮೊದಲು ಯಾರೂ ಮಾತಾಡಿಸಬಾರದು, ಮೊದಲೇ ಹೇಳಿರುತ್ತೇನೆ.’

ನನಗೂ ಹಾಗೆಯೇ. ಇದು ನ್ಯಾನ್‌ಕ್ಯಾರೋ ರಕ್ತವೇ.

ಬಣ್ಣದಂಗಡಿಗೆ ಹೋಗಿ ತಿಳಿಹಳದಿ ತಂದೆ.

ಜೂನ್ 22, ಮಂಗಳವಾರ

ಮುಚ್ಚಿಹೋದ ಮೆಥಡಿಸ್ಟ್ ಪಂಗಡದ ಪ್ರಾರ್ಥನಾ ಮಂದಿರದ ಬೀರುವಿನಲ್ಲಿ ಹಳೆಯ ದಫ್ತರ ಸಿಕ್ಕಿದೆ. 1828ರಿಂದ 1840ರವರೆಗೆ ಅವರ ಅಂಗಳದಲ್ಲಿ ಹೂಳಲಾದವರ ಪಟ್ಟಿ. ಇಷ್ಟು ದಿನ ನಾವೆಲ್ಲ ಊರ ಚರ್ಚಿನ ಪಟ್ಟಿ ಮಾತ್ರ ನೋಡಿದವರು. ಮೂಲ ದಫ್ತರ ದುರಸ್ತಿಗೆ ಹೋಗುವ ಮೊದಲು ಅವಸರದಲ್ಲಿ ಒಂದೇ ಪ್ರತಿ ತೆಗೆಸಿ, ಹಾಳೆಗಳನ್ನು ಸದಸ್ಯರಿಗೆ ಹಂಚಿದ್ದಾರೆ. ಒಂದೊಂದು ಹಾಳೆಯನ್ನೂ ಇಬ್ಬರು ಬೇರೆ ಬೇರೆ ಕುಳಿತು ನಕಲು ಮಾಡಿ, ಆಮೇಲೆ ತಾಳೆ ನೋಡುವುದು ನಮ್ಮ ಪದ್ಧತಿ.

“ಜನ ಸಾಲಲ್ಲ” ಎಂದಳು ಥರ್ಜಾ. “ನಿನ್ನ ಹಾಳೆಗೆ ಎರಡನೆಯೋರು ಬೇಡ ಬಿಡು. ನೀನು ಓದಿದ್ಮೇಲೆ ಮುಗೀತು.”

ಇಪ್ಪತ್ತು ಹಾಳೆ ತಂದಿದ್ದೇನೆ.

ಜೂನ್ 24, ಗುರುವಾರ

ಹನ್ನೊಂದನೆಯ ಹಾಳೆ, ಹದಿನಾಲ್ಕನೆಯ ಸಾಲು. ‘1832, ಮೇ 6. ಥಾಮಸ್, ಕಾರ್ನ್ ಬೀದಿಯ ವಿಲಿಯಂ ಮತ್ತು ಗ್ರೇಸ್ ನ್ಯಾನ್‌ಕ್ಯಾರೋ ಇವರ ಮಗ. ವಯಸ್ಸು ಐದು ವಾರ.’

ಜೂನ್ 25, ಶುಕ್ರವಾರ

ಬೇರೆ ವಿಲಿಯಂ ಇರಬಹುದು. ಬೇರೆ ಗ್ರೇಸ್. ಅದೇ ಕಾರ್ನ್ ಬೀದಿಯಲ್ಲಿ. ಇರಬಾರದೆಂದೇನೂ ಇಲ್ಲ.

ಹಾಳೆಗಳನ್ನು ಥರ್ಜಾಳಿಗೆ ಕೊಟ್ಟುಬಂದೆ. ಹದಿನಾಲ್ಕನೆಯ ಸಾಲಿನಲ್ಲಿ ಶಾಯಿ ಮಸುಕಾಗಿದೆ, ಓದಲು ಬರುವುದಿಲ್ಲ ಎಂದು ನಮೂದಿಸಿದ್ದೇನೆ. ನಿಜಕ್ಕೂ ಸ್ವಲ್ಪ ಮಸುಕಾಗಿತ್ತು.

ಕೋಣೆಗೆ ಎರಡನೆಯ ಸಲ ಬಣ್ಣ ಬಳಿದೆ.

ಜುಲೈ 4, ಭಾನುವಾರ

ಹಳೆಯ ಕಡತ ತೆಗೆದು ನೋಡಿದೆ. 1841ರ ಜನಗಣತಿಯಲ್ಲಿ ವಿಲಿಯಂ ಮನೆಯಲ್ಲಿ ಹೆನ್ರಿ ಇದ್ದಾನೆ, ಆನರ್ ಇದ್ದಾಳೆ, ಒಂಬತ್ತು ವರ್ಷದವನಾಗಿರಬೇಕಿದ್ದ ಥಾಮಸ್ ಇಲ್ಲ. ಪಕ್ಕದಲ್ಲಿ ನನ್ನದೇ ಅಕ್ಷರ: ‘ಅಜ್ಜಿಯ ಮನೆಗೆ ಹೋಗಿದ್ದಾನೆ.’ 1977ರಲ್ಲಿ ಬರೆದದ್ದು. ‘ಬಹುಶಃ’ ಎಂದೂ ಇಲ್ಲ. ಯಾವ ಅಜ್ಜಿ? ಇಬ್ಬರು ಅಜ್ಜಿಯರೂ ಅಷ್ಟು ಹೊತ್ತಿಗೆ ಸತ್ತಿದ್ದರು, ಅವರ ಸಾವಿನ ದಿನಾಂಕ ಹುಡುಕಿ ತೆಗೆದವನೂ ನಾನೇ.

ನನ್ನ ಮುತ್ತಜ್ಜ ಥಾಮಸ್ ಮದುವೆಯಾದಾಗ ತಂದೆಯ ಹೆಸರು ವಿಲಿಯಂ, ಗಣಿ ಕೆಲಸ ಎಂದು ಬರೆಸಿದ್ದ. ನನ್ನ ಕೈಯಲ್ಲಿದ್ದದ್ದು ಅಷ್ಟೇ. ಈ ಸುತ್ತಿನಲ್ಲಿ ವಿಲಿಯಂ ನ್ಯಾನ್‌ಕ್ಯಾರೋ ಎಂಬ ಹೆಸರಿನವರು ಬೇಕಾದಷ್ಟು ಜನ, ಎಲ್ಲರೂ ಗಣಿಗೇ ಇಳಿದವರು. ಅದರಲ್ಲಿ ನನಗೆ ಹಿಡಿಸಿದ ವಿಲಿಯಂನನ್ನು ಆರಿಸಿಕೊಂಡೆ. ಅವನ ಹಿಂದೆ 1623ರವರೆಗೆ ದಾರಿ ತೆರೆದಿತ್ತು, ಅದಕ್ಕೇ.

ಜಕಾರಿಯಾಸ್ ನನ್ನವನಲ್ಲ. ಆ ಊರುಗೋಲುಗಳೂ ನನ್ನ ಮನೆಯವಲ್ಲ.

ವೆರ್ನಾಳ ಎರಡು ಕಾಗದಕ್ಕೆ ಉತ್ತರ ಕೊಟ್ಟಿಲ್ಲ. ಮಳೆ ಬರುತ್ತಿದೆಯೇ, ಕೋಟು ತರಬೇಕೇ ಎಂದು ಕೇಳಿದ್ದಾಳೆ.

ಜುಲೈ 13, ಮಂಗಳವಾರ

ಸಭೆಗೆ ಹೋಗಲಿಲ್ಲ. ಮಂಡಿ ನೋವು.

ಜುಲೈ 21, ಬುಧವಾರ

ಥರ್ಜಾ ಕೇಸರಿ ಬನ್ನು ಹಿಡಿದುಕೊಂಡು ಮನೆಗೇ ಬಂದಳು.

“ಏನು ಹರಳೆಣ್ಣೆ ಕುಡಿದೋರ ಹಾಗೆ ಮುಖ? ಕಸಿನ್ ಕಾಗದ ಬಂದಿಲ್ವಾ?”

“ಬಂದಿದೆ.”

“ಮತ್ತೆ?”

“ಮಂಡಿ ನೋವು.”

ಅವಳು ಕೋಣೆಯನ್ನು ಇಣುಕಿ ನೋಡಿ, ಗೋಡೆ ಚೆನ್ನಾಗಿದೆ, ಪರದೆ ಮಾತ್ರ ಬದಲಾಯಿಸು ಎಂದು ಹೇಳಿ ಹೋದಳು.

ಆಗಸ್ಟ್ 3, ಮಂಗಳವಾರ

ಇವತ್ತು ವೆರ್ನಾಳಿಂದ ಐದನೆಯ ಕಾಗದ. ‘ಕಸಿನ್ ಹೆಡ್ಲಿ, ಹುಷಾರಾಗಿದ್ದೀರಿ ತಾನೆ? ಬರೀ ಹೌದು ಅಂತ ಬರೆದರೂ ಸಾಕು.’ ಗ್ರಂಥಾಲಯದಿಂದ ನೇರ ಥರ್ಜಾಳ ಮನೆಗೆ ಹೋದೆ. ಅವಳು ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತಿದ್ದಳು.

“ಥರ್ಜಾ, ಹನ್ನೊಂದನೇ ಹಾಳೆ, ಹದಿನಾಲ್ಕನೇ ಸಾಲು. ಅದನ್ನ ಓದಕ್ಕೆ ಬರುತ್ತೆ.”

“ಬರಲ್ಲ ಅಂತ ಬರ್ದಿದ್ದೆಯಲ್ಲ?”

“ಸುಳ್ಳು ಬರ್ದೆ.”

ಅವಳು ಕೈ ಒರೆಸಿಕೊಂಡು ಕುಳಿತಳು. ಎಲ್ಲವನ್ನೂ ಹೇಳಿದೆ. ಹೇಳಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಅವಳು ಹುರುಳಿಕಾಯಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

“ಬೇರೆ ಯಾರಾದ್ರೂ ಹೀಗೆ ಮಾಡಿದ್ರೆ ನೀನು ಅವರನ್ನ ಸಂಘದಿಂದಲೇ ತೆಗೆಸಿರ್ತಿದ್ದೆ” ಎಂದಳು.

“ಹೌದು.”

“ಆಕೆಗೆ ಹೇಳ್ಬೇಕಲ್ಲ.”

“ಹೇಳಿದ್ರೆ ಅವಳು ನನಗೆ ಯಾರೂ ಅಲ್ಲ, ಥರ್ಜಾ.”

“ಈಗ್ಲೂ ಯಾರೂ ಅಲ್ಲ. ಅದು ಗೊತ್ತಿರೋದು ನಿನಗೊಬ್ಬನಿಗೇ, ಅಷ್ಟೇ ವ್ಯತ್ಯಾಸ.”

ಮನೆಗೆ ಬರುವಾಗ ಹುರುಳಿಕಾಯಿಯಲ್ಲಿ ಅರ್ಧ ಕಟ್ಟಿಕೊಟ್ಟಳು. ಬೇಯಿಸಿದೆ. ತಿನ್ನಲು ಆಗಲಿಲ್ಲ. ಮೂವತ್ತು ವರ್ಷದ ಕೆಲಸ ಹೋದದ್ದಕ್ಕೆ ಇಷ್ಟು ಸಂಕಟವಾಗಿಲ್ಲ. ಹೋದ ತಿಂಗಳೇ ಅದಕ್ಕೆ ಅತ್ತು ಮುಗಿದಿದೆ. ಇದು ಬೇರೆ.

ಆಗಸ್ಟ್ 5, ಗುರುವಾರ

ಬರೆದು ಕಳಿಸಿದೆ. ನಾಲ್ಕು ಸಲ ಅಳಿಸಿ ಬರೆದದ್ದು, ಇಲ್ಲಿ ಇಟ್ಟುಕೊಳ್ಳುತ್ತೇನೆ.

‘ಶ್ರೀಮತಿ ಲೀಬೆಲ್ಟ್ ಅವರೇ, ವಿಲಿಯಂ ಮತ್ತು ಗ್ರೇಸ್ ದಂಪತಿಯ ಮಗ ಥಾಮಸ್ ಐದು ವಾರದ ಕೂಸಾಗಿದ್ದಾಗಲೇ ತೀರಿಕೊಂಡ. ನನ್ನ ಮುತ್ತಜ್ಜ ಬೇರೆ ಯಾರೋ ಥಾಮಸ್. ಆ ವಂಶ ನಿಮ್ಮದು, ಟ್ಯಾಂಗಿ ಅವರದು. ನನಗೆ ಅದರಲ್ಲಿ ಏನೂ ಇಲ್ಲ, ನಿಮಗೂ ನನಗೂ ಸಂಬಂಧವಿಲ್ಲ. ಇದು ನನಗೆ ಜೂನ್ 24ರಂದು ಗೊತ್ತಾಯಿತು. ಮರುದಿನ ಆ ಸಾಲು ಓದಲು ಬರುವುದಿಲ್ಲ ಎಂದು ಸುಳ್ಳು ಬರೆದು ಕೊಟ್ಟೆ. ನೀವು ಬರುವುದು ನಿಂತುಹೋಗಬಾರದು ಎಂದು ಹಾಗೆ ಮಾಡಿದೆ. ಮಾರ್ಚಿನಲ್ಲಿ ನಿಮ್ಮನ್ನು ಕಳ್ಳಿ ಎಂದಿದ್ದೆ. ನಿಮ್ಮ ಅಜ್ಜಂದಿರನ್ನು ಮೂವತ್ತು ವರ್ಷ ಇಟ್ಟುಕೊಂಡಿದ್ದವನು ನಾನು. ಹಿಂದಕ್ಕೆ ಕೊಡುತ್ತಿದ್ದೇನೆ. ದಾಖಲೆಗಳ ಪ್ರತಿ ಎಲ್ಲವನ್ನೂ ಅಂಚೆಯಲ್ಲಿ ಕಳಿಸುತ್ತೇನೆ. ಆ ನಲವತ್ತು ಜನಕ್ಕೆ ತಪ್ಪು ನನ್ನದು ಎಂದು ಹೆಸರು ಹಾಕಿಯೇ ತಿಳಿಸಿ. ಮಳೆ ಬರುತ್ತಿದೆ, ಕೋಟು ತನ್ನಿ.’

ಆಗಸ್ಟ್ 9, ಸೋಮವಾರ

ಏನೂ ಬಂದಿಲ್ಲ.

ಆಗಸ್ಟ್ 12, ಗುರುವಾರ

ಏನೂ ಇಲ್ಲ. ಗ್ರಂಥಾಲಯದ ಹುಡುಗಿ ನನ್ನ ಮುಖ ನೋಡಿ ಕಂಪ್ಯೂಟರ್ ಸರಿಯಾಗಿದೆಯೇ ಎಂದು ತಾನೇ ಎರಡು ಸಲ ಪರೀಕ್ಷಿಸಿದಳು. ಸರಿಯಾಗಿಯೇ ಇದೆ.

ಆಗಸ್ಟ್ 17, ಮಂಗಳವಾರ

‘ಶ್ರೀ ನ್ಯಾನ್‌ಕ್ಯಾರೋ ಅವರೇ, ನಿಮ್ಮ ಸಂದೇಶವೂ ಪ್ರತಿಗಳೂ ತಲುಪಿವೆ. ಟ್ಯಾಂಗಿ ಅವರ ಮನೆಯಲ್ಲಿ ಉಳಿದುಕೊಳ್ಳುವ ಏರ್ಪಾಡಾಗಿದೆ. ಸೆಪ್ಟೆಂಬರ್ ಸಭೆಗೆ ಬರುತ್ತೇನೆ. ವಿ. ಲೀಬೆಲ್ಟ್.’

ನಿಯಮದ ಪ್ರಕಾರ ಸರಿಯಾದ ಕಾಗದ. ಒಂದು ಪದವೂ ಹೆಚ್ಚಿಲ್ಲ.

ಹೊಲಿಗೆ ಕೋಣೆಯ ಬಾಗಿಲು ಹಾಕಿದೆ.

ಸೆಪ್ಟೆಂಬರ್ 11, ಶನಿವಾರ

ಪೇಟೆಗೆ ಹೋಗುವ ಬಸ್ಸು ಪ್ರಾರ್ಥನಾ ಮಂದಿರದ ಎದುರು ನಿಂತಾಗ ಕಂಡರು. ಟ್ಯಾಂಗಿ ಕೈ ಚಾಚಿ ಏನೋ ವಿವರಿಸುತ್ತಿದ್ದ. ಎಲ್ಲವನ್ನೂ ತಪ್ಪಾಗಿಯೇ ಹೇಳುತ್ತಿರುತ್ತಾನೆ. ವೆರ್ನಾ ಗಿಡ್ಡಕ್ಕಿದ್ದಾಳೆ, ಹಸಿರು ಕೋಟು. ಕೋಟು ತಂದಿದ್ದಾಳಲ್ಲ.

ನಾನು ಇಳಿಯಲಿಲ್ಲ.

ಸೆಪ್ಟೆಂಬರ್ 14, ಮಂಗಳವಾರ

ಸಭೆ ಮಧ್ಯಾಹ್ನ ಎರಡಕ್ಕೆ. ಎಂದಿಗಿಂತ ಹೆಚ್ಚು ಜನ, ಇಪ್ಪತ್ತೆಂಟು. ಸುದ್ದಿ ಹರಡಿರಬೇಕು. ಥರ್ಜಾ ನನ್ನ ಹೆಸರು ಕರೆದಳು. ಎದ್ದು ನಿಂತು, ಬರೆದುಕೊಂಡು ಹೋಗಿದ್ದನ್ನು ಓದಿದೆ. ಥಾಮಸ್, ಐದು ವಾರ. ಎಪ್ಪತ್ತೇಳರಲ್ಲಿ ನಾನು ಮಾಡಿದ ತಪ್ಪು. ಈ ಜೂನ್ ತಿಂಗಳಲ್ಲಿ ಬರೆದ ಸುಳ್ಳು. ಸಂಘದಿಂದ ಬಿಟ್ಟುಹೋಗಲು ಸಿದ್ಧನಿದ್ದೇನೆ ಎಂದು ಮುಗಿಸಿದೆ. ಹಾಳೆಯನ್ನು ಮೇಜಿನ ಮೇಲಿಟ್ಟೆ.

ಹಿಂದಿನ ಸಾಲಿನಲ್ಲಿ ಹಸಿರು ಕೋಟು ಎದ್ದಿತು.

“ನಾನು ಸದಸ್ಯಳಲ್ಲ. ಒಂದು ಪ್ರಶ್ನೆ ಕೇಳ್ಬಹುದಾ?”

ಟ್ಯಾಂಗಿ, “ಕೇಳಿ, ಕೇಳಿ, ನಮ್ಮ ಮನೆಯೋರೇ” ಎಂದ.

“ಈ ತಪ್ಪನ್ನ ಕಂಡುಹಿಡಿದೋರು ಯಾರು?”

“ನಾನೇ” ಎಂದೆ.

“ನೀವು ಬಾಯಿ ಬಿಡದೇ ಇದ್ದಿದ್ರೆ ಇಲ್ಲಿ ಯಾರಿಗಾದ್ರೂ ಗೊತ್ತಾಗ್ತಿತ್ತಾ?”

ಯೋಚಿಸಿದೆ. “ದಫ್ತರ ರಿಪೇರಿಯಾಗಿ ಬಂದ್ಮೇಲೆ ಯಾರಾದ್ರೂ ನೋಡಿದ್ರೆ ಗೊತ್ತಾಗ್ತಿತ್ತು. ಆದ್ರೆ ನಾನು ಓದಿದ್ದನ್ನ ಇನ್ನೊಂದ್ಸಲ ಯಾರೂ ನೋಡಲ್ಲ.”

“ಸರಿ” ಎಂದು ಅವಳು ಕುಳಿತಳು.

ಥರ್ಜಾ, ರಾಜೀನಾಮೆ ಬೇಡ, ಇನ್ನು ಮುಂದೆ ಹೆಡ್ಲಿಯ ಹಾಳೆಗೂ ಎರಡನೆಯವರು ಇರಲಿ, ಒಪ್ಪುವವರು ಕೈ ಎತ್ತಿ ಎಂದಳು. ಎಲ್ಲರೂ ಎತ್ತಿದರು. ಟ್ಯಾಂಗಿ ಎರಡೂ ಕೈ ಎತ್ತಿದ. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಚಹಾದ ಹೊತ್ತಿಗೆ ನಾನು ಟೋಪಿ ಹಾಕಿಕೊಂಡು ಹೊರಗೆ ಬಂದೆ. ಗೇಟಿನ ಹತ್ತಿರ ಹಿಂದಿನಿಂದ ಹೆಜ್ಜೆ ಸದ್ದು ಕೇಳಿಸಿತು.

“ನನಗೆ ತುಂಬ ಸಿಟ್ಟು ಬಂದಿತ್ತು” ಎಂದಳು ವೆರ್ನಾ. ಪೀಠಿಕೆ ಗೀಠಿಕೆ ಏನೂ ಇಲ್ಲ.

“ಬರಲೇಬೇಕು. ಅಷ್ಟು ದೊಡ್ಡ ತಪ್ಪು.”

“ತಪ್ಪಿಗಲ್ಲ. ತಪ್ಪು ನಾನೂ ಮಾಡ್ತೀನಿ, ಆ ಕುಂಟನ ವಿಷಯ ನೋಡಿಲ್ವಾ. ಐದು ಕಾಗದ ಬರ್ದೆ ನಾನು. ಆರು ವಾರ. ನೀವು ಸತ್ತೇಹೋದ್ರಿ ಅಂದ್ಕೊಂಡಿದ್ದೆ. ಅವರ ಮನೆ ಹತ್ರ ಹೋಗಿ ನೋಡಿ ಅಂತ ಹೇಳಕ್ಕೆ ಈ ಊರಲ್ಲಿ ನನಗೆ ಯಾರು ಗೊತ್ತಿದ್ರು?”

ಕ್ಷಮಿಸಿ ಎಂದೆ. ಎರಡನೆಯ ಸಲವೂ ಕ್ಷಮಿಸಿ ಎಂದೆ.

ಅವಳು ಕೈಚೀಲದ ಪಟ್ಟಿ ಸರಿಮಾಡಿಕೊಂಡಳು. “ಟ್ರುರೋಗೆ ಬಸ್ಸು ಎಷ್ಟೊತ್ತಿಗೆ?”

“ನಾಳೆ ಬೆಳಗ್ಗೆ ಒಂಬತ್ತೂವರೆಗೆ ಒಂದಿದೆ. ಯಾಕೆ?”

“ನಿಮ್ಮ ಥಾಮಸ್‌ನ ಅಪ್ಪನ್ನ ಹುಡುಕ್ಬೇಡ್ವಾ? ಮೂವತ್ತು ವರ್ಷ ನಮ್ಮೋರನ್ನ ಹುಡುಕಿಕೊಟ್ರಿ. ನಿಮ್ಮೋರು ಇನ್ನೂ ಅಲ್ಲೇ ಬಿದ್ದಿದ್ದಾರೆ.”

“ಆ ವಿಲಿಯಂ ನಿಮಗೆ ಏನೂ ಆಗ್ಬೇಕಿಲ್ಲವಲ್ಲ.”

“ಏನೂ ಆಗ್ಬೇಕಿಲ್ಲ. ಅದಕ್ಕೇ ನಾನು ಸರಿಯಾಗಿ ಹುಡುಕ್ತೀನಿ” ಎಂದಳು. “ನೀವು ಹುಡುಕಿದ್ರೆ ಮತ್ತೆ ನಿಮಗೆ ಇಷ್ಟ ಆದೋನನ್ನೇ ತರ್ತೀರ.”

ಆಮೇಲೆ ಟ್ಯಾಂಗಿಯ ಮನೆಯಲ್ಲಿ ಬೆಳಗ್ಗೆ ಕಣ್ಣು ಬಿಡುವ ಮೊದಲೇ ಮಾತು ಶುರುವಾಗುತ್ತದೆ, ರಕ್ತಸಂಬಂಧ ಎಂದು ಸಹಿಸಿಕೊಂಡಿದ್ದೇನೆ ಎಂದು ಹೇಳಿ ಒಳಗೆ ಹೋದಳು.

ಈಗ ಸಂಜೆ ಆರು ಗಂಟೆ. ವಂಶವೃಕ್ಷದ ಹಾಳೆ ಹೊಸದಾಗಿ ಬರೆದೆ. ನಾನು, ಅಪ್ಪ, ಅಜ್ಜ, ಮುತ್ತಜ್ಜ ಥಾಮಸ್. ಅವನ ಮೇಲಿನ ಚೌಕದಲ್ಲಿ ‘ಗೊತ್ತಿಲ್ಲ’ ಎಂದು ಬರೆದು ಅಡಿಗೆರೆ ಎಳೆದೆ. ದಾಖಲೆ ಕಚೇರಿಯೊಳಗೆ ಪೆನ್ನು ಬಿಡುವುದಿಲ್ಲ. ಎರಡು ಪೆನ್ಸಿಲ್ ಚೂಪು ಮಾಡಿ ಕೋಟಿನ ಜೇಬಿನಲ್ಲಿ ಇಟ್ಟಿದ್ದೇನೆ.